ಹೊಟ್ಟೆ ಸೀಳಿದ ಷ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ರೂಷಿಕಾ ಅವರೇ, ಎಲ್ಲರನ್ನೂ ಸ್ವಾಗತಿಸಿದ ರೂಷಿಕಾ ಅವರೇ, ನನ್ನಲ್ಲಿ ಇಲ್ಲದ ಗುಣಗಳನ್ನೆಲ್ಲ ಹುಡುಕಿ ತೆಗೆದು ನನ್ನನ್ನು ಪರಿಚಯಿಸಿದ ರೂಷಿಕಾ ಅವರೇ, ಗಂಟಲು ಕೆಟ್ಟಿದ್ದರೂ ಬಿಡದೆ ಹಾಡಿದ ರೂಷಿಕಾ ಅವರೇ, ಮೂಲೆಯಲ್ಲಿ ಮೈಕು ಸರಿಮಾಡುತ್ತಿರುವ, ರೂಷಿಕಾ ಅಲ್ಲದ ಸಹೋದರರೇ, ಮತ್ತು ನನ್ನ ಪ್ರೀತಿಯ ಸಭಿಕರೇ,

ಇಷ್ಟು ಸುಲಭವಾದ ಸಂಬೋಧನೆಯನ್ನು ನಾನು ಈ ಜನ್ಮದಲ್ಲಿ ಮಾಡಿಲ್ಲ. ಬೇರೆ ಸಭೆಗಳಲ್ಲಿ ವೇದಿಕೆಯ ಮೇಲಿರುವ ಯಾರಾದರೊಬ್ಬರ ಹೆಸರು ಬಿಟ್ಟುಹೋಗಿ, ಅವರು ಕೊನೆಯವರೆಗೂ ಮುಖ ಗಂಟಿಕ್ಕಿಕೊಂಡು ಕೂರುವುದುಂಟು. ಇಲ್ಲಿ ಆ ಭಯವಿಲ್ಲ. ಒಂದು ಹೆಸರು ಹೇಳಿದರೆ ಅರವತ್ತೊಂದು ಜನಕ್ಕೆ ಮುಟ್ಟುತ್ತದೆ.

ನನ್ನನ್ನು ಇಲ್ಲಿಗೆ ಯಾಕೆ ಕರೆದಿರಿ ಎಂಬುದು ನಿಮಗೆ ಗೊತ್ತು. ಮೂವತ್ತನಾಲ್ಕು ವರ್ಷಗಳ ಹಿಂದೆ ನಮ್ಮ ವಾರಪತ್ರಿಕೆಯಲ್ಲಿ ಒಂದು ಧಾರಾವಾಹಿ ಶುರುವಾಯಿತು. ಐವತ್ತೆರಡು ವಾರ ನಡೆಯಿತು. ಅದರ ನಾಯಕಿಯ ಹೆಸರು ರೂಷಿಕಾ. ಆ ವರ್ಷವೂ ಅದರ ಮುಂದಿನ ವರ್ಷವೂ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನಕ್ಕೆ ಅದೇ ಹೆಸರಾಯಿತು. ಆ ಕಥೆ ಬರೆದ ಲೇಖಕಿಯವರು ಹೋದ ವರ್ಷ ತೀರಿಕೊಂಡರು. ಸಂಪಾದಕರು ಅವರಿಗಿಂತ ಮೊದಲೇ ಹೋದರು. ಪತ್ರಿಕೆಯೂ ಮುಚ್ಚಿತು. ಉಳಿದವನು ಆ ಪತ್ರಿಕೆಯ ಪ್ರೂಫ್ ರೀಡರ್, ಅಂದರೆ ಅಚ್ಚಾಗುವ ಮೊದಲು ಕರಡು ಓದಿ ಅಕ್ಷರದ ತಪ್ಪು ತಿದ್ದುವವನು, ನಾನೊಬ್ಬ. ಬೇರೆ ಯಾರೂ ಸಿಗದೆ ನನ್ನನ್ನು ಕರೆದಿದ್ದೀರಿ. ಅದಕ್ಕೆ ನನಗೇನೂ ಬೇಸರವಿಲ್ಲ. ಇನ್ನೊಂದು ಕಾರಣವೂ ಇದೆ. ನಿಮ್ಮ ಸಂಘದ ಕಾರ್ಯದರ್ಶಿ ನನ್ನ ಮಗಳು. ಮೂರನೇ ಸಾಲಿನಲ್ಲಿ ತನ್ನ ಅಮ್ಮನ ಪಕ್ಕ ಕೂತಿದ್ದಾಳೆ. ಅವಳ ಹೆಸರೇನೆಂದು ನಾನು ಹೇಳಬೇಕಾಗಿಲ್ಲ.

ನನಗೆ ಕೊಟ್ಟಿರುವ ವಿಷಯ ‘ನಮ್ಮ ಹೆಸರಿನ ಅರ್ಥ’. ನನ್ನ ಬೆನ್ನ ಹಿಂದಿನ ಬ್ಯಾನರಿನಲ್ಲಿ ಮೊಳದುದ್ದದ ಅಕ್ಷರಗಳಲ್ಲಿ ಬರೆಸಿದ್ದೀರಿ, ‘ರೂಷಿಕಾ ಎಂದರೆ ಮೊದಲ ಬೆಳಕು’ ಎಂದು. ಒಳಗೆ ಬಂದ ಕೂಡಲೇ ಹಳೆಯ ಚಾಳಿಯಂತೆ ಎರಡು ಸಲ ಓದಿದೆ. ಅಕ್ಷರದ ತಪ್ಪು ಒಂದೂ ಇಲ್ಲ. ತಪ್ಪು ಬೇರೆ ಕಡೆ ಇದೆ. ಅದಕ್ಕೆ ಬರುತ್ತೇನೆ. ಬರಲೇಬೇಕೆಂದು ಇವತ್ತು ಬೆಳಗ್ಗೆ ನಿರ್ಧಾರ ಮಾಡಿದೆ. ಮಾಡಿದಾಗಿನಿಂದ ಎದೆ ಹಗುರವಾಗಿದೆ.

ಸಭಿಕರೇ, ಮಗುವಿಗೆ ಹೆಸರಿಡುವುದು ಸಣ್ಣ ವಿಷಯವೇ? ಅಜ್ಜಿಯ ಹೆಸರಿಡಬೇಕೆಂದು ಒಬ್ಬರು, ಇನ್ನೊಬ್ಬ ಅಜ್ಜಿ ಏನು ಪಾಪ ಮಾಡಿದ್ದಳೆಂದು ಇನ್ನೊಬ್ಬರು, ಹೀಗೆ ಮನೆಮನೆಯಲ್ಲೂ ಜಗಳ. ಆ ಜಗಳದ ನಡುವೆ ಪ್ರತಿ ವಾರ ಒಂದು ಪತ್ರಿಕೆ ಮನೆಗೆ ಬರುತ್ತದೆ, ಅದರಲ್ಲಿ ಒಬ್ಬಳು ಹುಡುಗಿ ಇರುತ್ತಾಳೆ, ಅವಳು ಎರಡೂ ಅಜ್ಜಿಯರಿಗೆ ಸೇರಿದವಳಲ್ಲ. ಅತ್ತೆಯೂ ಅವಳ ಕಥೆ ಓದುತ್ತಾಳೆ, ಸೊಸೆಯೂ ಓದುತ್ತಾಳೆ. ಜಗಳ ಅಲ್ಲಿಗೆ ಮುಗಿಯಿತು!

ಆ ದಿನಗಳಲ್ಲಿ ನಮ್ಮ ಕಚೇರಿಗೆ ಬರುತ್ತಿದ್ದ ಪತ್ರಗಳನ್ನು ನೀವು ನೋಡಬೇಕಿತ್ತು. ಒಬ್ಬ ತಂದೆ ಬರೆದಿದ್ದರು: “ನಮ್ಮ ಮಗುವಿಗೆ ರೂಷಿಕಾ ಅಂತ ಹೆಸರಿಟ್ಟಾಗಿದೆ. ಮುಂದಿನ ವಾರ ಕಥೆಯಲ್ಲಿ ಅವಳಿಗೆ ಏನಾದ್ರೂ ಆದ್ರೆ ಚೆನ್ನಾಗಿರಲ್ಲ, ಈಗಲೇ ಹೇಳಿದೀನಿ.” ಲೇಖಕಿಯವರು ನಲವತ್ತನೇ ವಾರ ನಾಯಕಿಗೆ ಕಾಯಿಲೆ ಬರಿಸಬೇಕೆಂದಿದ್ದರು. ಪತ್ರಗಳ ಕಟ್ಟು ನೋಡಿ ಹೆದರಿ, ಕಾಯಿಲೆಯನ್ನು ನಾಯಕಿಯ ಚಿಕ್ಕಪ್ಪನಿಗೆ ವರ್ಗಾಯಿಸಿದರು. ಅದೇ ಕಥೆಯಲ್ಲಿ ಒಬ್ಬಳು ಕೆಟ್ಟ ಅತ್ತಿಗೆ ಇದ್ದಳಲ್ಲ, ಅವಳ ಹೆಸರನ್ನು ಆ ಎರಡು ವರ್ಷ ಯಾರೂ ಮಗುವಿಗೆ ಇಟ್ಟ ಹಾಗೆ ಕಾಣೆ. ಆ ಹೆಸರಿನ ಹೆಂಗಸೊಬ್ಬರು ನಮಗೆ ಬರೆದಿದ್ದರು: “ನಾನು ಏನೂ ಮಾಡಿಲ್ಲ, ಆದ್ರೂ ನಮ್ಮತ್ತೆ ನನ್ನನ್ನ ಒಂಥರಾ ನೋಡ್ತಾರೆ.”

ಇನ್ನು ನಿಮ್ಮ ಪಾಡು. ನನ್ನ ಮಗಳ ತರಗತಿಯಲ್ಲಿ ಐದು ಜನ ರೂಷಿಕಾರಿದ್ದರು. ಮೇಷ್ಟ್ರು ಹಾಜರಿ ಕರೆದರೆ ಐದು ಕಡೆಯಿಂದ ಉತ್ತರ. ಕೊನೆಗೆ ಅವರು ಉದ್ದ ರೂಷಿಕಾ, ಗುಂಡು ರೂಷಿಕಾ, ಕಿಟಕಿ ರೂಷಿಕಾ ಎಂದೆಲ್ಲ ವಿಂಗಡಿಸಿದರು. ನನ್ನ ಮಗಳು ಅಳು ರೂಷಿಕಾ. ಗುಂಡು ರೂಷಿಕಾ ಇಲ್ಲೇ ಇದ್ದಾರೆ, ಈಗ ಗುಂಡಗಿಲ್ಲ. ಯಾವ ಕಚೇರಿಯ ಕಿಟಕಿಗೆ ಹೋದರೂ ನೀವೆಲ್ಲ ಒಂದೇ ಮಾತು ಹೇಳುತ್ತೀರಂತೆ: “ಶ ಅಲ್ಲ ಸಾರ್, ಹೊಟ್ಟೆ ಸೀಳಿದ ಷ.” ಒಂದನೇ ತರಗತಿಯಲ್ಲಿ ಕಲಿತ ಆ ಮಾತನ್ನು ಇಷ್ಟು ಸಲ ಹೇಳಿದವರು ನಿಮ್ಮಷ್ಟು ಬೇರೆ ಯಾರೂ ಇರಲಾರರು.

ಆ ಷ ಇದೆಯಲ್ಲ, ಅದರ ಬಗ್ಗೆಯೇ ನಾನು ಮಾತಾಡಬೇಕಾಗಿರುವುದು.

ಅದಕ್ಕೆ ಮುಂಚೆ ನನ್ನ ಕೆಲಸದ ಬಗ್ಗೆ ಎರಡು ಮಾತು. ನಾನು ಕೆಲಸಕ್ಕೆ ಸೇರಿದಾಗ ಅಲ್ಲೊಬ್ಬರು ಹಿರಿಯರಿದ್ದರು. ಅವರನ್ನು ಎಲ್ಲರೂ ದಪ್ಪ ಕನ್ನಡಕ ಎನ್ನುತ್ತಿದ್ದರು, ಎದುರಿಗೆ ಅಲ್ಲ. ಮೊದಲ ದಿನವೇ ಅವರು ನನ್ನನ್ನು ಕೂರಿಸಿಕೊಂಡು ಹೇಳಿದ್ದು ಇದು: “ನೋಡಯ್ಯ, ಕಥೆ ಓದ್ಬೇಡ, ಅಕ್ಷರ ಓದು. ಕಥೆ ಓದೋರು ಹೊರಗಡೆ ಬೇಕಾದಷ್ಟು ಜನ ಇದ್ದಾರೆ. ನೀನೂ ಕಥೆ ಓದ್ತಾ ಕೂತ್ರೆ ಅಕ್ಷರಕ್ಕೆ ಯಾರಯ್ಯಾ ದಿಕ್ಕು?” ಅವರು ಒಂದು ಕೊಲೆಯ ಕಥೆಯನ್ನು ಮೂವತ್ತು ವಾರ ತಿದ್ದಿದರು, ಕೊಲೆ ಮಾಡಿದ್ದು ಯಾರೆಂದು ಅವರಿಗೆ ಕೊನೆಗೂ ಗೊತ್ತಿರಲಿಲ್ಲ. ಅಂಥ ಕೆಲಸಗಾರ.

ನಮ್ಮ ಕೆಲಸದಲ್ಲಿ ಕೆಲವು ಗುರುತುಗಳಿವೆ. ಅಕ್ಷರ ತೆಗೆಯಬೇಕಾದರೆ ಕೆಂಪು ಶಾಯಿಯಲ್ಲಿ ಒಂದು ಗೀಟು. ಸೇರಿಸಬೇಕಾದರೆ ಒಂದು ಕೊಕ್ಕೆ. ಕೆಲವೊಮ್ಮೆ ಸರಿಯಿದ್ದದ್ದನ್ನೇ ತಪ್ಪೆಂದು ತಿಳಿದು ಗೀಟು ಹೊಡೆದುಬಿಡುತ್ತೇವೆ. ಆಮೇಲೆ ಗೊತ್ತಾದರೆ ಆ ಗೀಟನ್ನು ಅಳಿಸುವುದಿಲ್ಲ. ಪದದ ಕೆಳಗೆ ಸಾಲಾಗಿ ಚುಕ್ಕಿ ಇಟ್ಟು, ಅಂಚಿನಲ್ಲಿ ‘ಇರಲಿ’ ಎಂದು ಬರೆಯುತ್ತೇವೆ. ಇದ್ದದ್ದು ಇದ್ದ ಹಾಗೇ ಅಚ್ಚಾಗಲಿ ಎಂದು ಅರ್ಥ.

ನನ್ನ ಮಗಳಿಗೆ ಐದು ವರ್ಷವಿದ್ದಾಗ ನನ್ನ ಚಿತ್ರವೊಂದನ್ನು ಬರೆದು ತಂದಳು. ಕೈಯಲ್ಲಿ ಆರು ಬೆರಳು. ಕೆಂಪು ಪೆನ್ನು ಕೈಯಲ್ಲೇ ಇತ್ತು, ಅಭ್ಯಾಸಬಲ, ಒಂದು ಬೆರಳಿಗೆ ಗೀಟು ಹೊಡೆದೆ. ಅವಳು ಅತ್ತದ್ದು ಪಕ್ಕದ ಬೀದಿಗೆ ಕೇಳಿಸಿತು. ಏನು ಮಾಡಿದರೂ ಸಮಾಧಾನವಿಲ್ಲ. ಕೊನೆಗೆ ಬೆರಳಿನ ಕೆಳಗೆ ನಾಲ್ಕು ಚುಕ್ಕಿ ಇಟ್ಟು ‘ಇರಲಿ’ ಎಂದು ಬರೆದು, ಅದರ ಅರ್ಥವೇನೆಂದು ಹೇಳಿದೆ. ತಕ್ಷಣ ಅಳು ನಿಂತಿತು. ಆಮೇಲೆ ಎಷ್ಟೋ ವರ್ಷ, ನಾನು ಸುಮ್ಮಸುಮ್ಮನೆ ಬೈದರೆ ಸ್ಲೇಟು ಹಿಡಿದುಕೊಂಡು ಬರುತ್ತಿದ್ದಳು: “ಚುಕ್ಕಿ ಇಡು ಅಪ್ಪಾ.” ಇಡುತ್ತಿದ್ದೆ.

ನಿರೂಪಕಿಯವರು ಒಂದು ಚೀಟಿ ಕೊಟ್ಟಿದ್ದಾರೆ. ‘ಐದು ನಿಮಿಷ’ ಎಂದು ಬರೆದಿದೆ. ಐದು ನಿಮಿಷ ಉಳಿದಿದೆಯೋ, ಐದು ನಿಮಿಷ ಜಾಸ್ತಿಯಾಗಿದೆಯೋ ಬರೆದಿಲ್ಲ. ನನಗೆ ಅನುಕೂಲವಾದ ಅರ್ಥವನ್ನೇ ಇಟ್ಟುಕೊಳ್ಳುತ್ತೇನೆ.

ಸರಿ. ಮೂವತ್ತನಾಲ್ಕು ವರ್ಷದ ಹಿಂದಿನ ಒಂದು ಮಧ್ಯಾಹ್ನ. ಧಾರಾವಾಹಿಯ ಮೊದಲ ಕಂತಿನ ಕರಡು ನನ್ನ ಮೇಜಿಗೆ ಬಂತು. ಓದಿದವರಿಗೆ ನೆನಪಿರಬಹುದು, ಮೊದಲ ಕಂತಿನಲ್ಲಿ ಆ ಹುಡುಗಿಗೆ ಹೆಸರೇ ಇಲ್ಲ. ಚಿಕ್ಕಪ್ಪನ ಮನೆಯಲ್ಲಿ ಅವಳನ್ನು ‘ಏಯ್’ ಎನ್ನುತ್ತಾರೆ, ‘ಇವಳೇ’ ಎನ್ನುತ್ತಾರೆ. ಒಂದು ದಿನ ಅವಳು ಒಲೆಯ ಮೇಲಿನ ಪಾತ್ರೆಯನ್ನು ಕೆಳಗಿಳಿಸಿ, ಒಲೆ ಆರಿಸಿ, ಕೈ ಒರೆಸಿಕೊಂಡು ಮನೆ ಬಿಡುತ್ತಾಳೆ. ರೈಲ್ವೆ ನಿಲ್ದಾಣದ ಬೆಂಚಿನಲ್ಲಿ ಮುದುಕಿಯೊಬ್ಬಳು ಕೂತಿರುತ್ತಾಳೆ. “ನಿನ್ನ ಹೆಸರೇನಮ್ಮ?” ಎಂದು ಕೇಳುತ್ತಾಳೆ. ಅಷ್ಟು ವರ್ಷಗಳಲ್ಲಿ ಅವಳನ್ನು ಹಾಗೆ ಕೇಳಿದವರೇ ಇಲ್ಲ. ಕಂತಿನ ಕೊನೆಯ ಸಾಲಿನಲ್ಲಿ ಅವಳು ಹೆಸರು ಹೇಳುತ್ತಾಳೆ.

ಒಲೆ ಆರಿಸುವ ಕಡೆಯೇ ನಾನು ಜಾರಿದೆ. ಅಕ್ಷರ ಬಿಟ್ಟು ಕಥೆಯೊಳಗೆ ಬಿದ್ದೆ. ದಪ್ಪ ಕನ್ನಡಕದವರ ಮಾತು ಮರೆತು, ಅವಳ ಹಿಂದೆಯೇ ನಿಲ್ದಾಣಕ್ಕೆ ಹೋದೆ. ಕೊನೆಯ ಸಾಲು ಬರುವ ಹೊತ್ತಿಗೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ನನ್ನ ಕಣ್ಣಲ್ಲಿ ನೀರಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು ಯಾರಾದರೂ ಕರಡು ನೋಡುತ್ತಾರೆಯೇ? ನಾನು ನೋಡಿದೆ. ಸಹಿ ಹಾಕಿ ಅಚ್ಚಿಗೆ ಕಳಿಸಿದೆ.

ಪತ್ರಿಕೆ ಬಂದ ದಿನ ನನ್ನ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತು ಗಟ್ಟಿಯಾಗಿ ಓದುತ್ತಿದ್ದಳು. ಅವಳಿಗೆ ಆಗ ಏಳು ತಿಂಗಳು. ಕೊನೆಯ ಸಾಲು ಓದಿದಳು: “ನನ್ನ ಹೆಸರು ರೂಷಿಕಾ.” ಓದಿ ಪತ್ರಿಕೆಯನ್ನು ಎದೆಗೆ ಒತ್ತಿಕೊಂಡು, “ರೀ, ಎಷ್ಟು ಚೆನ್ನಾಗಿದೆ! ಹೆಣ್ಣಾದ್ರೆ ಇದೇ ಹೆಸರು. ನಿಮ್ಮಮ್ಮ ಏನೇ ಅನ್ಲಿ, ನಮ್ಮಮ್ಮ ಏನೇ ಅನ್ಲಿ” ಎಂದಳು.

ಪತ್ರಿಕೆ ಇಸಿದುಕೊಂಡು ನಾನೇ ಓದಿದೆ. ರೂಷಿಕಾ? ಇಂಥ ಪದ ಯಾವ ನಿಘಂಟಿನಲ್ಲಿದೆ? ಮರುದಿನ ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಿ ಹಸ್ತಪ್ರತಿ ತೆಗೆದು ನೋಡಿದೆ. ದುಂಡಗೆ, ಸ್ಪಷ್ಟವಾಗಿ ಬರೆದಿತ್ತು. ರೂಪಿಕಾ. ಪ. ರೂಪವುಳ್ಳವಳು. ಸೀಸದ ಅಚ್ಚುಮೊಳೆ ಜೋಡಿಸುವವರು ಪಿ ಇಡುವಲ್ಲಿ ಷಿ ಇಟ್ಟಿದ್ದರು. ಅವರನ್ನು ದೂರುವಂತಿಲ್ಲ, ದಿನಕ್ಕೆ ಸಾವಿರಾರು ಮೊಳೆ ಹೆಕ್ಕುವ ಕೈ ಅದು, ಒಂದೆರಡು ತಪ್ಪುತ್ತವೆ. ತಪ್ಪಿದ್ದನ್ನು ಹಿಡಿಯುವುದಕ್ಕೇ ನಾನಿದ್ದದ್ದು. ಪ ಅಕ್ಷರದ ಹೊಟ್ಟೆ ಸೀಳಿದ್ದು ಕಣ್ಣೆದುರೇ ಇದ್ದರೂ ನಾನು ನೋಡಲಿಲ್ಲ.

ಹೌದು, ಸಭಿಕರೇ. ನಿಮ್ಮ ಹೆಸರು ಅಚ್ಚಿನ ತಪ್ಪು. ಅರವತ್ತೊಂದು ಜನರದ್ದೂ.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕಿರಿ. ನಗಿ. ಮೂರನೇ ಸಾಲು ಇನ್ನೂ ನಗುತ್ತಿಲ್ಲ, ಅದು ನನಗೆ ಕಾಣುತ್ತಿದೆ. ನಾನು ಮುಗಿಸಿಬಿಡುತ್ತೇನೆ.

ಲೇಖಕಿಯವರು ಟೆಲಿಫೋನ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದರು. ಮೂರನೇ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ನಮ್ಮ ಕಚೇರಿಗೆ ಬಂದರು. ಸಂಪಾದಕರು ನನ್ನನ್ನು ಕರೆಸಿದರು. ಕೆಲಸ ಹೋಯಿತು, ಮನೆಯಲ್ಲಿ ಏಳು ತಿಂಗಳ ಬಸುರಿ ಇದ್ದಾಳೆ ಎಂದುಕೊಳ್ಳುತ್ತಾ ಒಳಗೆ ಹೋದೆ. ಸಂಪಾದಕರು ಮುಂದಿನ ಸಂಚಿಕೆಗೆ ತಿದ್ದುಪಡಿಯ ನಾಲ್ಕು ಸಾಲನ್ನು ಆಗಲೇ ಬರೆದಿಟ್ಟಿದ್ದರು. ಲೇಖಕಿಯವರು ನನ್ನನ್ನು ನೋಡಿ, “ನೀವೇನಾ?” ಎಂದರು. ನಾನು ತಲೆ ತಗ್ಗಿಸಿದೆ. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳುತ್ತೇನೆ, ಯಾಕೆಂದರೆ ಅದೊಂದನ್ನಾದರೂ ನಾನು ಸರಿಯಾಗಿ ನೆನಪಿಟ್ಟುಕೊಂಡಿದ್ದೇನೆ. “ತಿದ್ದುಪಡಿ ಏನೂ ಬೇಡ. ಎರಡನೇ ಕಂತಲ್ಲಿ ಆ ಮುದುಕಿ ಕೈಲಿ ಅವಳನ್ನ ನಗಿಸ್ಬೇಕು ಅಂತಿದ್ದೆ, ‘ಮುಖ ನೋಡಿದ್ರೆ ಹಿಂಗಿದೆ, ಹೆಸರು ರೂಪಿಕಾ ಅಂತೆ’ ಅಂತ. ಆಮೇಲೆ ಕಥೆ ತುಂಬ ಎಲ್ರೂ ಅದನ್ನೇ ಹೇಳಿ ಅವಳನ್ನ ಅಳಿಸ್ತಿದ್ರು. ಈಗ ಯಾರೂ ಹಾಗನ್ನೋಕೆ ಆಗಲ್ಲ. ನಿಮ್ಮ ತಪ್ಪಿಂದ ಅವಳು ತಪ್ಪಿಸ್ಕೊಂಡ್ಲು ಕಣ್ರೀ.”

ಎರಡನೇ ಕಂತಿನಲ್ಲಿ ಏನಾಯಿತೆಂದು ನಿಮಗೆಲ್ಲ ಗೊತ್ತು. ಮುದುಕಿ ನಗಲಿಲ್ಲ. “ಇಂಥ ಹೆಸರು ನಾನು ಕೇಳೇ ಇಲ್ಲ, ಕೂತ್ಕೋ ಬಾ” ಎಂದು ಬೆಂಚಿನಲ್ಲಿ ಸರಿದು ಜಾಗ ಕೊಟ್ಟಳು. ಕಥೆ ಅಲ್ಲಿಂದ ಬೇರೆ ದಾರಿ ಹಿಡಿಯಿತು.

ಹೊರಡುವಾಗ ಲೇಖಕಿಯವರು ಒಂದು ಮಾತು ತೆಗೆದುಕೊಂಡರು. “ನಾನಿರೋ ತನಕ ಇದು ತಪ್ಪು ಅಂತ ಯಾರಿಗೂ ಹೇಳ್ಬೇಡಿ.” ನಾನು ಹೂಂ ಎಂದೆ. ಮಾತು ಉಳಿಸಿಕೊಂಡೆ. ಉಳಿಸಿಕೊಂಡದ್ದು ನನ್ನ ದೊಡ್ಡಗುಣವೇ? ಅಲ್ಲ. ನನಗೆ ಅದು ಬಹಳ ಅನುಕೂಲವಾಗಿತ್ತು. ಹೆಂಡತಿಗೂ ಹೇಳಲಿಲ್ಲ. ಎರಡು ತಿಂಗಳಿಗೆ ಮಗಳು ಹುಟ್ಟಿದಳು, ನನ್ನ ತಪ್ಪನ್ನೇ ಅವಳ ಕಿವಿಯಲ್ಲಿ ಹೇಳಿ ಕರೆದೆ. ದಿನಕ್ಕೆ ಇಪ್ಪತ್ತು ಸಲ ಕರೆಯಬೇಕಲ್ಲ! ಬಾಗಿಲು ಹಾಕು ರೂಷಿಕಾ, ಹಾಲು ಕುಡಿ ರೂಷಿಕಾ. ಪ್ರತಿ ಸಲವೂ ಆ ಷ ನನ್ನ ನಾಲಿಗೆಗೆ ಚುಚ್ಚುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇವತ್ತು ಇಷ್ಟು ಹೆದರುತ್ತಿರಲಿಲ್ಲ. ಮೂರನೇ ತರಗತಿಯಲ್ಲಿ ಮೇಷ್ಟ್ರು, ನಾಳೆ ಎಲ್ಲರೂ ತಮ್ಮ ತಮ್ಮ ಹೆಸರಿನ ಅರ್ಥ ಕೇಳಿಕೊಂಡು ಬನ್ನಿ ಎಂದರು. ಮರುದಿನ ಬೆಳಗಿನ ಜಾವ ಮಗಳು ಬಂದು ಮೊಣಕಾಲು ಹಿಡಿದು ನಿಂತಳು. “ಅಪ್ಪಾ, ನನ್ನ ಹೆಸರಿಗೆ ಏನರ್ಥ?” ಅರ್ಥವಿಲ್ಲ ಮಗಳೇ, ಅದು ನನ್ನ ಕಣ್ಣೀರಿನ ತಪ್ಪು ಎಂದು ಹೇಳುವುದು ಹೇಗೆ? ಕಿಟಕಿಯಲ್ಲಿ ಆಗಷ್ಟೇ ಬೆಳಕು ಹರಿಯುತ್ತಿತ್ತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: “ಮೊದಲ ಬೆಳಕು ಅಂತ.”

ಅವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಉಳಿದ ನಾಲ್ಕು ರೂಷಿಕಾರಿಗೂ ಹಂಚಿದಳು. ಅಲ್ಲಿಂದ ಅದು ಎಲ್ಲೆಲ್ಲಿಗೆ ಹೋಯಿತೋ, ಹತ್ತು ವರ್ಷದ ಮೇಲೆ ‘ಮುದ್ದು ಮಕ್ಕಳಿಗೆ ಮುದ್ದಾದ ಹೆಸರುಗಳು’ ಎಂಬ ಪುಸ್ತಕದ ಕರಡು ನಮ್ಮ ಪತ್ರಿಕೆಯ ಅಚ್ಚುಕೂಟಕ್ಕೇ ಬಂತು. ರ ಅಕ್ಷರದಡಿ ಇತ್ತು: ‘ರೂಷಿಕಾ, ಮೊದಲ ಬೆಳಕು, ಪ್ರಾಚೀನ ಹೆಸರು.’ ಆ ಪುಟ ತಿದ್ದಿದವನು ನಾನೇ. ಅಕ್ಷರದ ತಪ್ಪು ಇರಲಿಲ್ಲ. ಬಿಟ್ಟೆ.

ಮಗಳು ನರ್ಸ್ ಆದಳು. ಆಸ್ಪತ್ರೆಯಲ್ಲಿ ಯಾರಿಗೂ ಬೇಡವಾದ ಬೆಳಗಿನ ಪಾಳಿಯನ್ನು ಕೇಳಿ ತೆಗೆದುಕೊಂಡಳು. ಯಾಕಮ್ಮ ಎಂದರೆ, “ನನ್ನ ಹೆಸರೇ ಅದಲ್ವಾ ಅಪ್ಪಾ” ಎಂದಳು. ಹನ್ನೆರಡು ವರ್ಷದಿಂದ ಐದು ಗಂಟೆಗೆ ಎದ್ದು ಹೋಗುತ್ತಿದ್ದಾಳೆ. ನಾನೂ ಎದ್ದು ಕಾಫಿ ಮಾಡಿಕೊಡುತ್ತೇನೆ. ಅವಳು ಲೋಟ ಖಾಲಿ ಮಾಡಿ ಹೋದ ಮೇಲೆ ಬಾಗಿಲಲ್ಲೇ ನಿಲ್ಲುತ್ತೇನೆ. ಸುಳ್ಳೊಂದು ಚಪ್ಪಲಿ ಮೆಟ್ಟಿಕೊಂಡು ನಿಯತ್ತಾಗಿ ಕೆಲಸಕ್ಕೆ ಹೋಗುತ್ತಿದೆ ಅನ್ನಿಸುತ್ತದೆ.

ಇವತ್ತು ಬೆಳಗ್ಗೆ ಅಂಗಿಯ ಗುಂಡಿಗಳನ್ನು ಎರಡು ಸಲ ತಪ್ಪು ತೂತಿಗೆ ಹಾಕಿಕೊಂಡ ಮೇಲೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬಾಯಿಗೆ ಕೈ ಇಟ್ಟುಕೊಂಡು ಕೇಳಿದಳು. ಆಮೇಲೆ, “ಇಷ್ಟು ವರ್ಷ ನಿದ್ದೆಗಣ್ಣಲ್ಲಿ ‘ಪ… ಪ…’ ಅಂತ ಕನವರಿಸ್ತಿದ್ರಲ್ಲ, ಅದು ಇದೇನಾ? ನಾನು ಪ ಅನ್ನೋ ಯಾವಳೋ ಇದ್ದಾಳೆ ಅಂದ್ಕೊಂಡಿದ್ದೆ ಕಣ್ರೀ!” ಎಂದಳು. ನನಗಿಂತ ಅವಳಿಗೇ ಹೆಚ್ಚು ನೆಮ್ಮದಿಯಾದ ಹಾಗೆ ಕಂಡಿತು. ಗುಂಡಿ ಅವಳೇ ಹಾಕಿದಳು.

ಮಗಳಿಗೆ ಹೇಳಲು ಮಾತ್ರ ನಾಲಿಗೆ ಹೊರಳಲಿಲ್ಲ. ಅವಳೊಬ್ಬಳ ಎದುರು ಆಗದ ಮಾತು ಇಷ್ಟು ಜನರ ಎದುರು ಆಗುತ್ತಿದೆ. ನಾನು ಹೇಡಿ ಎನ್ನುವುದಾದರೆ ಎನ್ನಿ.

ಹೊಟ್ಟೆ ಸೀಳಿದ ಅಕ್ಷರದ ತಪ್ಪನ್ನು ನೀವೆಲ್ಲ ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದು ಕೇಳಿಕೊಳ್ಳುತ್ತೇನೆ. ಬ್ಯಾನರ್ ಇಳಿಸುವುದಾದರೆ ಏಣಿ ನಾನೇ ಹಿಡಿದುಕೊಳ್ಳುತ್ತೇನೆ. ಹೆಸರು ಬದಲಾಯಿಸುವವರಿದ್ದರೆ ಅರ್ಜಿ ನಾನೇ ಬರೆದುಕೊಡುತ್ತೇನೆ, ಈ ಸಲ ಎರಡು ಬಾರಿ ಓದಿ.

ಇದೇನು, ಮತ್ತೊಂದು ಚೀಟಿ. ಇದು ನಿರೂಪಕಿಯವರದ್ದಲ್ಲ. ಮೂರನೇ ಸಾಲಿನಿಂದ ಕೈಯಿಂದ ಕೈಗೆ ಬರುತ್ತಿದೆ. ಒಂದು ನಿಮಿಷ, ಕನ್ನಡಕ ಒರೆಸಿಕೊಳ್ಳುತ್ತೇನೆ.

ನೀಲಿ ಶಾಯಿಯಲ್ಲಿ ಒಂದೇ ಪದ ಬರೆದಿದೆ. ರೂಷಿಕಾ. ಅದರ ಮೇಲೆ ಕೆಂಪು ಗೀಟು ಹೊಡೆದಿದ್ದಾಳೆ. ಹೊಡೆದು… ಕೆಳಗೆ ಚುಕ್ಕಿ. ಒಂದು, ಎರಡು, ಮೂರು, ನಾಲ್ಕು. ಅಂಚಿನಲ್ಲಿ ‘ಇರಲಿ’.

ಕ್ಷಮಿಸಿ. ಸ್ವಲ್ಪ ನೀರು ಕೊಡಿ.

ಆಯಿತು. ಇನ್ನೊಂದು ಸಾಲಿದೆ. ಅದನ್ನೂ ಓದುತ್ತೇನೆ. ‘ಬೇಗ ಮುಗಿಸು ಅಪ್ಪಾ, ನಾಳೆ ನನಗೆ ಬೆಳಗಿನ ಪಾಳಿ. ಐದು ಗಂಟೆಗೆ ಕಾಫಿ.’

ನೋಡಿದೆ. ಎರಡು ಸಲ ನೋಡಿದೆ. ಇದರಲ್ಲಿ ತಿದ್ದುವಂಥದ್ದು ಏನೂ ಇಲ್ಲ.

ಕರೆಸಿದ್ದಕ್ಕೆ, ಕೂತು ಕೇಳಿದ್ದಕ್ಕೆ, ನಕ್ಕಿದ್ದಕ್ಕೆ ಎಲ್ಲ ರೂಷಿಕಾರಿಗೂ, ಮೈಕಿನ ಸಹೋದರರಿಗೂ ನನ್ನ ಕೃತಜ್ಞತೆಗಳು. ಮೂರನೇ ಸಾಲಿಗೆ ಬೇರೆಯಾಗಿ ಹೇಳುವುದೇನಿಲ್ಲ, ಐದು ಗಂಟೆಗೆ ಕಾಫಿ ಸಿದ್ಧವಿರುತ್ತದೆ. ನಮಸ್ಕಾರ.